ನೆರೆಯವನಾರೆಂದು ಯಂತ್ರಗಳು ಅರಿಯುವ ಬಗೆ

ಪಹಣಿ ಪತ್ರಿಕೆ, ಆದಾಯದ ಪ್ರಮಾಣಪತ್ರ, ನಮ್ಮ ವಿದ್ಯಾರ್ಥಿವೇತನದ ಅರ್ಜಿ, ಇವೆಲ್ಲವೂ ಈಗ ಗಣಕಯಂತ್ರದ ಜಾಲವನ್ನೇ ನಂಬಿಕೊಂಡಿವೆ. ಜಾಲ ಕೆಟ್ಟ ದಿನ ಕಿಟಕಿಯ ಆಚೆಯಿಂದ ಬರುವ ಉತ್ತರ ಒಂದೇ: “ಸರ್ವರ್ ಇಲ್ಲ.” ನಮ್ಮ ತಂದೆಯವರು ಒಂದು ಪಹಣಿಗಾಗಿ ಮೂರು ಸಲ ಬಸ್ಸಿನ ಖರ್ಚು ಮಾಡಿಕೊಂಡು ಬರಿಗೈಯಲ್ಲಿ ಮರಳಿದರು. ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಈ ವಿಷಯದ ಬೆನ್ನು ಹತ್ತಿದುದು ಆ ಬಳಿಕ. ಎಷ್ಟೋ ಸಲ ದೂರದ ಸರ್ವರ್ ಸುಖವಾಗಿಯೇ ಇರುತ್ತದೆ. ನಡುದಾರಿಯ ಒಂದು ಯಂತ್ರಕ್ಕೆ ಅದರ ನೆರೆಯ ಯಂತ್ರ ಕಾಣದಂತಾಗಿರುತ್ತದೆ, ಅಷ್ಟೆ.

ಹಾಗಾದರೆ ಯಂತ್ರಕ್ಕೆ ನೆರೆಯವನು ‘ಕಾಣುವುದು’ ಎಂದರೇನು? ಕಚೇರಿಯ ಮೂಲೆಯಲ್ಲಿ ಮಿಣುಕುವ ಸ್ವಿಚ್ ಎಂಬ ಪೆಟ್ಟಿಗೆಯನ್ನು ವಾಚಕರು ನೋಡಿರಬಹುದು. ಅದರ ಪ್ರತಿಯೊಂದು ಪೋರ್ಟಿನಿಂದಲೂ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಒಂದು ಚಿಕ್ಕ ಓಲೆ ಹೊರಡುತ್ತದೆ. ನಾನು ಇಂಥವನು, ಇದು ನನ್ನ ಇಂಥ ಪೋರ್ಟು, ಈ ಮಾತು ಇಷ್ಟು ಹೊತ್ತು ಸತ್ಯ. ಈ ಮೂರು ಅದರಲ್ಲಿ ಇರಲೇಬೇಕು. ಹೆಸರು, ವಿಳಾಸ ಮೊದಲಾದುವು ಇಚ್ಛೆಗೆ ಬಿಟ್ಟುವು. ಓಲೆಯ ಆಯುಷ್ಯ ಸಾಮಾನ್ಯವಾಗಿ 120 ಸೆಕೆಂಡು. ಅಷ್ಟರೊಳಗೆ ಹೊಸ ಓಲೆ ಬಾರದಿದ್ದರೆ ಕೇಳುತ್ತಿದ್ದ ಯಂತ್ರ ಆ ಹೆಸರನ್ನು ತನ್ನ ಪಟ್ಟಿಯಿಂದ ಅಳಿಸಿಬಿಡುತ್ತದೆ. ಒಂದೆರಡು ಓಲೆ ತಪ್ಪಿದರೆ ಕ್ಷಮೆಯುಂಟು. ಓಲೆಯನ್ನು ಪಡೆದವನು ಅದನ್ನು ಮುಂದಿನ ಮನೆಗೆ ದಾಟಿಸಕೂಡದು. ಚಾಡಿಗೆ ಅಲ್ಲಿ ಎಡೆಯಿಲ್ಲ! ಇಡೀ ಜಾಲದ ನಕ್ಷೆ ಬೇಕಾದ ಎಂಜಿನಿಯರು ಒಂದೊಂದೇ ಪೆಟ್ಟಿಗೆಯ ಪಟ್ಟಿಯನ್ನು ಕೇಳಿ ಜೋಡಿಸಿಕೊಳ್ಳಬೇಕು.

ಮೊದಲು ಈ ಮಾತಿಗೂ ಭಾಷೆಯ ತೊಡಕಿತ್ತು. 1994ರಲ್ಲಿ ಸಿಸ್ಕೊ ಕಂಪನಿ ರೂಪಿಸಿದ ‘ಸಿಡಿಪಿ’ ಆ ಕಂಪನಿಯ ಮನೆಮಾತು. ಔರಾದಿನ ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಬಲ್ಲವರೆಲ್ಲ ಹೇಗೋ ವ್ಯಾಪಾರ ಮುಗಿಸಿಕೊಳ್ಳುತ್ತಾರೆ; ಯಂತ್ರಕ್ಕೆ ಆ ಜಾಣತನವೆಲ್ಲಿ? 2005ರಲ್ಲಿ ‘ಎಲ್‌ಎಲ್‌ಡಿಪಿ’ ಎಂಬ ಸಾಮಾನ್ಯ ಭಾಷೆ ಐಇಇಇ ಸಂಸ್ಥೆಯ ಮಾನಕವಾಯಿತು. ಮೇಲೆ ವರ್ಣಿಸಿದ ಓಲೆ ಅದರದೇ. ಅದಕ್ಕೆ ಮುದ್ರೆಯಿಲ್ಲ, ಲಕೋಟೆಯಿಲ್ಲ. ಗೋಡೆಯ ಪೋರ್ಟಿಗೆ ತನ್ನ ಲ್ಯಾಪ್‌ಟಾಪ್ ಸಿಕ್ಕಿಸಿದ ಯಾವನಾದರೂ ಓದಿಕೊಳ್ಳಬಹುದು. ಆದುದರಿಂದ ಸಾರ್ವಜನಿಕರ ಕೈಗೆಟುಕುವ ಪೋರ್ಟುಗಳಲ್ಲಿ ಇದನ್ನು ನಿಲ್ಲಿಸುವುದು ವಿವೇಕ.

ದಾರಿ ಹುಡುಕುವ ರೌಟರುಗಳ ಪರಿಚಯಕ್ರಮ ಇನ್ನೂ ಸ್ವಾರಸ್ಯವಾದುದು. ಬೀದರ, ಭಾಲ್ಕಿ, ಔರಾದ ಮೂರರಲ್ಲಿಯೂ ಒಂದೊಂದು ರೌಟರಿದ್ದು, ಮೂರಕ್ಕೂ ಪರಸ್ಪರ ತಂತಿಯಿದೆಯೆಂದು ಭಾವಿಸೋಣ. ‘ಓಎಸ್‌ಪಿಎಫ್’ ಎಂಬ ಪದ್ಧತಿಯಲ್ಲಿ ಅವು ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ‘ಹಲೋ’ ಎನ್ನುತ್ತವೆ. ಜೊತೆಗೆ ತಾವು ಯಾರ ಹಲೋ ಕೇಳಿದೆವೆಂಬುದನ್ನೂ ಹೇಳುತ್ತವೆ. ಬೀದರದ ರೌಟರು ಔರಾದಿನ ಪಟ್ಟಿಯಲ್ಲಿ ತನ್ನ ಹೆಸರನ್ನು ಕಂಡಾಗಲೇ ನಂಟು ಎರಡು ಕಡೆಯಿಂದಲೂ ಸರಿಯೆಂದು ನಂಬುತ್ತದೆ. 40 ಸೆಕೆಂಡು ಹಲೋ ಇಲ್ಲವಾದರೆ ನಂಟು ಮುರಿಯಿತು. ಆ ಸುದ್ದಿಯನ್ನು ಮಾತ್ರ ಬಚ್ಚಿಡುವುದಿಲ್ಲ, ಜಾಲದ ತುಂಬ ಸಾರುತ್ತದೆ. ಪ್ರತಿಯೊಂದು ರೌಟರೂ ಅದೇ ನಕ್ಷೆಯನ್ನು ತಿದ್ದಿಕೊಂಡು, ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹತ್ತಿರದ ದಾರಿಯನ್ನು ಮತ್ತೆ ಹುಡುಕುತ್ತದೆ. ಔರಾದಿನ ಕೆಲಸ ಭಾಲ್ಕಿಯ ಮೇಲಿನಿಂದ ನಡೆಯುತ್ತದೆ; ಕಿಟಕಿಯಲ್ಲಿ ನಿಂತ ರೈತನಿಗೆ ಅದರ ಅರಿವೂ ಆಗದು.

ಆದರೆ ಊರಿಗೆ ಬಂದುದೇ ಒಂದು ತಂತಿಯಾದರೆ? ಆಗ ರೌಟರು ನೆರೆಯವನು ಹೋದನೆಂದು ಕರಾರುವಾಕ್ಕಾಗಿ ತಿಳಿಸೀತೇ ಹೊರತು ಇಲ್ಲದ ದಾರಿಯನ್ನು ತಂದೀತೆ? ಎರಡನೆಯ ತಂತಿ ಬೇಕು. ಅದನ್ನೂ ಮೊದಲನೆಯದರ ಕಾಲುವೆಯಲ್ಲಿಯೇ ಹೂಳಬಾರದು. ರಸ್ತೆ ಅಗಲಿಸುವ ಜೆಸಿಬಿ ಒಂದೇ ಹಲ್ಲಿನಿಂದ ಎರಡನ್ನೂ ಕಿತ್ತುಹಾಕುತ್ತದೆ.