ಭಾನುವಾರದ ಭಕ್ತಿಯೂ ಆರು ದಿನಗಳ ಬಾಳೂ

ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರನ್ನು ಹೊತ್ತ ಶೇಷಾದ್ರಿಪುರಂ, ಮಲ್ಲೇಶ್ವರಕ್ಕೂ ಮೆಜೆಸ್ಟಿಕ್ಕಿಗೂ ನಡುವೆ ನೆಲೆಸಿರುವ ಹಳೆಯ ಬಡಾವಣೆ. ಇಲ್ಲಿನ ಕನ್ನಡ ಕ್ರೈಸ್ತ ಕುಟುಂಬವೊಂದು ಭಾನುವಾರ ಬೆಳಿಗ್ಗೆ ತಾಯ್ನುಡಿಯ ಆರಾಧನೆಯನ್ನು ಅರಸಿ ಹೊರಟರೆ, ವೆಸ್ಲಿಯನ್ ಮಿಶನ್ನಿನವರು 1904ರಲ್ಲಿ ಕಟ್ಟಿಸಿದ ಹಡ್ಸನ್ ಸ್ಮಾರಕ ದೇವಾಲಯವನ್ನೋ, ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯವನ್ನೋ ಸೇರುವುದು ಕಷ್ಟವೇನಲ್ಲ. ದಾರಿ ಹ್ರಸ್ವ, ಆದರೆ ಆರಾಧನೆ ಮುಗಿದ ಮೇಲೆ ಮೊದಲಾಗುವ ಕೆಲಸಗಳ ದಾರಿ ಬಹು ದೀರ್ಘ.

ಸಭೆಯ ಕಮಿಟಿ, ಗಾಯನ ಮೇಳದ ಅಭ್ಯಾಸ, ಭಾನುವಾರದ ಶಾಲೆ, ಸ್ತ್ರೀಯರ ಕೂಟ, ವಾರದ ಮನೆ ಪ್ರಾರ್ಥನೆ, ಸುಗ್ಗಿಯ ಹಬ್ಬದ ಹರಾಜು, ಡಿಸೆಂಬರಿನಲ್ಲಿ ಮನೆಮನೆಗೆ ಹೋಗುವ ಹಾಡಿನ ತಂಡ. ಇವುಗಳಲ್ಲಿ ಯಾವುದನ್ನು ತಾನೇ ಬೇಡವೆನ್ನುವುದು? ಒಂದನ್ನು ಚೆನ್ನಾಗಿ ನಿರ್ವಹಿಸಿದವರ ಹೆಗಲಿಗೆ ಎರಡನೆಯದು ತಾನಾಗಿಯೇ ಬಂದು ಬೀಳುತ್ತದೆ. ಹಗಲೆಲ್ಲ ಕಚೇರಿಯಲ್ಲಿ ದುಡಿದ ಗೃಹಸ್ಥನು ಸಂಜೆ ಲೆಕ್ಕಪತ್ರಗಳನ್ನು ಹಿಡಿದು ಸಭೆಗೆ ಧಾವಿಸುತ್ತಾನೆ. ಇತ್ತ ಮಗನ ಪಾಠ ಕೇಳುವವರಿಲ್ಲ, ಹಾಸಿಗೆ ಹಿಡಿದ ತಾಯಿಯೊಡನೆ ನಾಲ್ಕು ಮಾತನಾಡುವವರಿಲ್ಲ. ಗೃಹಿಣಿಯ ಪಾಡಂತೂ ಹೇಳತೀರದು; ಮನೆಯ ಅಡಿಗೆಯೂ ಅವಳದೇ, ಕೂಟದ ತಿಂಡಿಯೂ ಅವಳದೇ.

ಈ ಹೊರೆಗೆ ಕಾರಣವಿಲ್ಲದಿಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆಯು ಸ್ಥಾಪಿತವಾದ ಮೇಲೆ, ಹಿಂದೆ ಮಿಶನರಿಗಳ ಕೈಯಲ್ಲಿದ್ದ ಆಡಳಿತವು ಕ್ರಮೇಣ ಈ ನೆಲದವರ ಕೈಸೇರಿತು. ಚುನಾಯಿತರಾದ ಸಾಮಾನ್ಯ ಸದಸ್ಯರು ದುಡಿಯದಿದ್ದರೆ ಸಭಾಪಾಲಕರೊಬ್ಬರಿಂದ ಕಾರ್ಯ ಸಾಗದು. ಕ್ರಿಸ್ಮಸ್ಸಿಗೂ ಈಸ್ಟರಿಗೂ ಮಾತ್ರ ಮುಖ ತೋರಿಸಿ, ಮಗಳ ಮದುವೆಗೆ ದೇವಾಲಯವನ್ನು ಬಯಸುವವರು ಹೆಚ್ಚಾದಷ್ಟೂ ಉಳಿದವರ ಹೊರೆ ಭಾರವಾಗುವುದು ಸಹಜವೇ.

ಆದರೂ ದೇವರ ಕೆಲಸವೆಂಬ ಹೆಸರು ಎಲ್ಲ ಕರ್ತವ್ಯಗಳಿಗೂ ರಿಯಾಯಿತಿ ಕೊಡಬಲ್ಲುದೇ? ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಇದಕ್ಕೆ ಖಂಡಿತವಾದ ಉತ್ತರವಿದೆ. ತಂದೆತಾಯಿಗಳಿಗೆ ಸಲ್ಲಬೇಕಾದುದನ್ನು 'ಕೊರ್ಬಾನ್', ಅಂದರೆ ದೇವರಿಗೆ ಮುಡಿಪು, ಎಂದು ಹೇಳಿ ಅವರನ್ನು ಕೈಬಿಡುವ ಪದ್ಧತಿ ಆಗ ಇದ್ದಿತು. ಯೇಸು ಅದನ್ನು ಭಕ್ತಿಯೆಂದು ಮೆಚ್ಚಲಿಲ್ಲ. ದೇವರ ಆಜ್ಞೆಯನ್ನೇ ನಿರರ್ಥಕಗೊಳಿಸುವ ಆಚಾರವೆಂದು ಖಂಡಿಸಿದನು. ಹಣದ ಕೊರ್ಬಾನ್ ಇರುವಂತೆ ಹೊತ್ತಿನ ಕೊರ್ಬಾನೂ ಉಂಟು ಎಂಬುದನ್ನು ಬಿಡುವಿಲ್ಲದ ಸೇವಕರು ನೆನೆಯುವುದು ಲೇಸು.

ಕನ್ನಡ ನಾಡಿಗೆ ಈ ವಿಚಾರ ಹೊಸದಲ್ಲ. ಹಗ್ಗ ಹೊಸೆಯುವ ಹುಲ್ಲನ್ನು ಕೊಯ್ಯುತ್ತಿದ್ದ ನುಲಿಯ ಚಂದಯ್ಯನ ಇಷ್ಟಲಿಂಗವು ಕಳಚಿ ಬಿದ್ದರೂ ಆತನು ಕಾಯಕವನ್ನು ಬಿಡಲಿಲ್ಲವೆಂದು ಶರಣರ ಐತಿಹ್ಯ. ಆ ಶರಣರ ಅನುಭವ ಮಂಟಪದ ಚರಿತ್ರೆಯನ್ನು ಶೋಧಿಸಿದವರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪನವರೂ ಒಬ್ಬರು. ಸರ್ವಜ್ಞನ ತ್ರಿಪದಿಗಳನ್ನು ಶ್ರಮದಿಂದ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಅವರನ್ನು ನಾಡು 1949ರ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಗೌರವಿಸಿತು. ಪಾದ್ರಿಯ ನಿಲುವಂಗಿ ಅವರನ್ನು ನೆರೆಹೊರೆಯಿಂದ ದೂರವಿಡಲಿಲ್ಲ.

ಬೆಂಗಳೂರಿನಲ್ಲಿಯೇ 1957ರಲ್ಲಿ ಧರ್ಮ ಮತ್ತು ಸಮಾಜಗಳ ಅಧ್ಯಯನಕ್ಕಾಗಿ ಕ್ರೈಸ್ತ ಸಂಸ್ಥೆಯೊಂದು ಪಿ. ಡಿ. ದೇವನಂದನ್ ಅವರ ನೇತೃತ್ವದಲ್ಲಿ ಆರಂಭವಾಯಿತು. 1962ರಲ್ಲಿ ಅವರು ತೀರಿಕೊಂಡ ಬಳಿಕ ಅದನ್ನು ನಡೆಸಿದವರು ಎಂ. ಎಂ. ಥಾಮಸ್. ಇವರು ದೀಕ್ಷೆ ಪಡೆದ ಪಾದ್ರಿಗಳಲ್ಲ. ಆದರೂ 1968ರಿಂದ 1975ರವರೆಗೆ ಜಾಗತಿಕ ಸಭೆಗಳ ಒಕ್ಕೂಟದ ಕೇಂದ್ರ ಸಮಿತಿಯ ಅಧ್ಯಕ್ಷರಾಗಿದ್ದರು. ಮುಂದೆ ನಾಗಾಲ್ಯಾಂಡಿನ ರಾಜ್ಯಪಾಲರೂ ಆದರು. ರಾಜಕಾರಣ, ಕಾರ್ಖಾನೆ, ಬಡತನ ಇವೆಲ್ಲವೂ ವಿಶ್ವಾಸಿಯ ಸಾಕ್ಷ್ಯದ ಕ್ಷೇತ್ರಗಳೇ ಎಂಬುದು ಅವರ ಚಿಂತನೆಯ ತಿರುಳು. ಕಥೋಲಿಕ ಧರ್ಮಸಭೆಯೂ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, 1965ರ ನವೆಂಬರಿನಲ್ಲಿ, ಶ್ರೀಸಾಮಾನ್ಯ ವಿಶ್ವಾಸಿಗಳ ಸೇವೆಯನ್ನು ಕುರಿತೇ ಪ್ರತ್ಯೇಕ ಶಾಸನವನ್ನು ಹೊರಡಿಸಿ, ಲೋಕದ ನಡುವಿನ ಬದುಕೇ ಅವರ ಕಾರ್ಯಕ್ಷೇತ್ರವೆಂದು ಸಾರಿತು.

ಹಾಗಾದರೆ ಸಭೆಯ ಕೆಲಸವನ್ನು ತೊರೆಯಬೇಕೆ? ಎಂದಿಗೂ ಅಲ್ಲ. ಒಟ್ಟಾಗಿ ಹಾಡದ, ಒಂದೇ ರೊಟ್ಟಿಯಲ್ಲಿ ಪಾಲುಗೊಳ್ಳದ ವಿಶ್ವಾಸವು ಒಂಟಿ ಕೆಂಡದಂತೆ ಬೇಗನೆ ಆರಿಹೋಗುತ್ತದೆ. ಬೇಕಾದುದು ಹಂಚಿಕೆ. ಒಬ್ಬರಿಗೆ ಒಂದೇ ಹೊಣೆ, ಅದಕ್ಕೂ ಒಂದು ಅವಧಿ ಎಂಬ ನಿಯಮವಿದ್ದರೆ ಹೊಸಬರಿಗೂ ಎಡೆ ದೊರೆಯುತ್ತದೆ, ಹಳಬರಿಗೂ ಉಸಿರು ಬರುತ್ತದೆ. ಹೊಸ ಕೆಲಸವನ್ನು ಒಪ್ಪುವ ಮೊದಲು ಮನೆಯವರನ್ನು ಕೇಳುವುದು ಮರ್ಯಾದೆಯಷ್ಟೇ ಅಲ್ಲ, ನ್ಯಾಯವೂ ಹೌದು. ಸಭಾಪಾಲಕರು ಕೂಟಕ್ಕೆ ಬಾರದವರ ಹಾಜರಿಯನ್ನು ಎಣಿಸುವುದರ ಬದಲು, ಆ ಸಂಜೆ ಅವರು ಯಾರ ಆರೈಕೆಯಲ್ಲಿದ್ದರೆಂದು ವಿಚಾರಿಸಿದರೆ ಎಷ್ಟೋ ಮನಸ್ಸುಗಳು ಹಗುರಾದಾವು.

ಲಂಚ ಮುಟ್ಟದ ಗುಮಾಸ್ತೆ, ತೂಕದಲ್ಲಿ ಮೋಸ ಮಾಡದ ವರ್ತಕ, ಪಕ್ಕದ ಮನೆಯ ರೋಗಿಗೆ ಗಂಜಿ ಕಾಯಿಸಿ ಕೊಡುವ ಗೃಹಿಣಿ, ಇವರ ಹೆಸರುಗಳು ಯಾವ ಕಮಿಟಿಯ ವರದಿಯಲ್ಲಿಯೂ ಅಚ್ಚಾಗುವುದಿಲ್ಲ. ಆದರೆ ಭಾನುವಾರದ ಪ್ರಾರ್ಥನೆಯು ಫಲಿಸಿತೋ ಇಲ್ಲವೋ ಎಂಬುದನ್ನು ನೆರೆಹೊರೆಯವರು ಓದಿಕೊಳ್ಳುವುದು ಈ ಅಚ್ಚಾಗದ ವರದಿಯಲ್ಲಿಯೇ.