ಗೊರಕೆ, ರಕ್ತದ ಹೆಪ್ಪು ಮತ್ತು ವಂಶವಾಹಿ

ಓಕಳಿಪುರಂನಲ್ಲಿ ರೈಲಿನ ಸದ್ದಿಗೆ ಎಚ್ಚರಗೊಳ್ಳದವರೂ ಪಕ್ಕದಲ್ಲಿ ಮಲಗಿದವರ ಗೊರಕೆಗೆ ಎದ್ದು ಕೂರುತ್ತಾರೆ. ಗೊರಕೆಯೆಂದರೆ ಗಾಢನಿದ್ರೆ ಎಂಬುದು ತಪ್ಪು ತಿಳಿವಳಿಕೆ. ಗೊರಕೆ ತಟ್ಟನೆ ನಿಂತು, 10 ಸೆಕೆಂಡಿಗೂ ಹೆಚ್ಚು ಉಸಿರು ಕಟ್ಟಿ, ಏದುಸಿರಿನೊಂದಿಗೆ ಮತ್ತೆ ಶುರುವಾಗುತ್ತಿದ್ದರೆ ಅದು ‘ಸ್ಲೀಪ್ ಆಪ್ನಿಯಾ’ ಇರಬಹುದು.

ರಾತ್ರಿಯಿಡೀ ರಕ್ತದಲ್ಲಿ ಆಮ್ಲಜನಕ ಇಳಿದು ಏರುತ್ತಿದ್ದರೆ ರಕ್ತನಾಳಗಳ ಒಳಪದರಕ್ಕೆ ಪೆಟ್ಟು ಬೀಳುತ್ತದೆ. ರಕ್ತದ ಪ್ಲೇಟ್‌ಲೆಟ್‌ಗಳು ಬೇಗ ಅಂಟಿಕೊಳ್ಳುತ್ತವೆ. ಇಂಥವರ ಕಾಲಿನ ರಕ್ತನಾಳಗಳಲ್ಲಿ ಹೆಪ್ಪು ಕಟ್ಟುವುದು ಹೆಚ್ಚೆಂದು ಹಲವು ಅಧ್ಯಯನಗಳು ಹೇಳುತ್ತವೆ.

“ಎರಡೂ ನಮ್ಮ ವಂಶದಲ್ಲೇ ಇದೆ ಡಾಕ್ಟ್ರೇ, ಏನು ಮಾಡೋದು?” ಎನ್ನುವವರಿದ್ದಾರೆ. 1994ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಗುರುತಿಸಿದ ‘ಫ್ಯಾಕ್ಟರ್ ಫೈವ್ ಲೈಡನ್’ ಎಂಬ ವಂಶವಾಹಿ ದೋಷ ರಕ್ತ ಹೆಪ್ಪುಗಟ್ಟಿಸುತ್ತದೆ, ನಿಜ. ಆದರೆ ಅದು ಯೂರೋಪಿಯನ್ನರಲ್ಲಿ ಹೆಚ್ಚು, ನಮ್ಮಲ್ಲಿ ವಿರಳ. 2021ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನವೊಂದು ಸ್ಲೀಪ್ ಆಪ್ನಿಯಾಕ್ಕೆ ಸಂಬಂಧಿಸಿದ ವಂಶವಾಹಿಗಳನ್ನು ಹುಡುಕಿದಾಗ, ಅವುಗಳಲ್ಲಿ ಹೆಚ್ಚಿನವು ದೇಹದ ತೂಕದ ಮೂಲಕವೇ ಕೆಲಸ ಮಾಡುವುದು ಕಂಡಿತು. ಬೊಜ್ಜು ಹೆಪ್ಪಿಗೂ ದಾರಿ. ಹಾಗಾಗಿ ಎರಡಕ್ಕೂ ಇರುವ ವಂಶದ ನಂಟಿನಲ್ಲಿ ಬಹುಪಾಲು ಹೊಟ್ಟೆಯ ಸುತ್ತಲೇ ಇದ್ದೀತು. ದುಬಾರಿ ವಂಶವಾಹಿ ಪರೀಕ್ಷೆಗೆ ಓಡುವ ಮೊದಲು ಟೇಪು ಹಿಡಿದು ಸೊಂಟ ಅಳೆಯಿರಿ ಎಂದೇ ನನ್ನ ಸಲಹೆ. ಸಣ್ಣ ದವಡೆಯ ತೆಳ್ಳಗಿನವರಿಗೂ ಉಸಿರು ಕಟ್ಟುವುದುಂಟು, ಅದು ಬೇರೆ ಮಾತು.

ನಿಮ್ಹಾನ್ಸ್ ಸೇರಿದಂತೆ ನಗರದ ಹಲವೆಡೆ ಒಂದು ರಾತ್ರಿಯ ನಿದ್ರಾ ಪರೀಕ್ಷೆ ಲಭ್ಯ. ಗಾಳಿಯೊತ್ತಡದ ‘ಸಿಪ್ಯಾಪ್’ ಯಂತ್ರ ಬಹಳ ಮಂದಿಗೆ ನೆರವಾಗುತ್ತದೆ. ಹತ್ತಿರದ ರಕ್ತಸಂಬಂಧಿಗಳಿಗೆ ಚಿಕ್ಕ ವಯಸ್ಸಿನಲ್ಲೇ ಹೆಪ್ಪು ಕಟ್ಟಿದ್ದರೆ ಶಸ್ತ್ರಚಿಕಿತ್ಸೆಗೆ ಮುನ್ನ, ಗರ್ಭಧಾರಣೆಯಲ್ಲಿ ವೈದ್ಯರಿಗೆ ತಪ್ಪದೆ ತಿಳಿಸಿ.

ಒಂದೇ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ಎಣ್ಣೆ ಹಚ್ಚಿ ನೀವಬೇಡಿ. ಅಂದೇ ವೈದ್ಯರಿಗೆ ತೋರಿಸಿ. ಜೊತೆಗೆ ಏಕಾಏಕಿ ಉಬ್ಬಸ, ಎದೆನೋವು ಬಂದರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಹೊರಡಿ.