ಮುಗ್ಗಿದ ಬೈಹುಲ್ಲೂ ಒಲೆ ಉರಿಸೀತು

ಕೊಟ್ಟಿಗೆಯಲ್ಲಿದ್ದ ಐದು ದನ ಎರಡಕ್ಕಿಳಿದ ಮೇಲೆ ನಮ್ಮ ಗೋಬರ್ ಗ್ಯಾಸ್ ಬೆಳಗಿನ ತಿಂಡಿಗೇ ಮುಗೀತಿತ್ತು. ಮಧ್ಯಾಹ್ನಕ್ಕೆ ಮತ್ತೆ ಕಟ್ಟಿಗೆ, ಹೊಗೆ. ಅತ್ತ ಕೊಯ್ಲಿನ ಮಳೆಗೆ ಸಿಕ್ಕಿ ಮುಗ್ಗಿದ ಬೈಹುಲ್ಲು ಅಂಗಳದ ಮೂಲೆಯಲ್ಲಿ ರಾಶಿ ಬಿದ್ದಿತ್ತು. ದನ ಮೂಸಿಯೂ ನೋಡವು. ಇದನ್ನೇ ಗುಂಡಿಗೆ ಹಾಕಿದರೆ?

ಕೊಚ್ಚಿ, ಹಸಿ ಸಗಣಿಗೆ ಹಾಗೇ ಬೆರೆಸಿ ಹಾಕಿದೆ. ಅದೇ ತಪ್ಪು. ಟೊಳ್ಳು ಹುಲ್ಲು ತೇಲಿತು. ಮೂರೇ ವಾರದಲ್ಲಿ ನಾಲ್ಕು ಬೆರಳು ದಪ್ಪ ಕೆನೆ ಕಟ್ಟಿ ಡ್ರಮ್ ಏಳುವುದೇ ನಿಂತಿತು. ಗ್ಯಾಸ್ ಬಿಟ್ಟು, ಆರು ಜನ ಸೇರಿ ಡ್ರಮ್ ಎತ್ತಿ, ದಡದಲ್ಲೇ ನಿಂತು ಉದ್ದ ಕೊಕ್ಕೆಯಿಂದ ಎಳೆದದ್ದಾಯ್ತು. (ಗುಂಡಿಗೆ ಯಾರೂ ಇಳಿಯಬೇಡಿ, ಒಳಗಿನ ಗಾಳಿ ಜೀವ ತೆಗೆದೀತು. ಹತ್ತಿರ ಬೀಡಿಯೂ ಬೇಡ.) ಮನೆಯಾಕೆ ಆ ವಾರ ನನ್ನ ಹತ್ತಿರ ಮಾತೇ ಆಡಲಿಲ್ಲ.

ಈಗ ಬೆರಳುದ್ದ ಕೊಚ್ಚಿ, ಸಗಣಿ ನೀರಲ್ಲಿ ನೆನೆಸಿ, ಗುಡ್ಡೆ ಹಾಕಿ ಮುಚ್ಚಿ ಎಂಟು-ಹತ್ತು ದಿನ ಕೊಳೆಸ್ತೇವೆ. ಹಿಸುಕಿದರೆ ಮೆತ್ತಗಿರಬೇಕು. ನಾಲ್ಕು ಬುಟ್ಟಿ ಸಗಣಿಗೆ ಒಂದು ಬುಟ್ಟಿ ಹುಲ್ಲು, ಅದಕ್ಕಿಂತ ಹೆಚ್ಚಿಲ್ಲ. ಹುಲ್ಲಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಹಾಗಾಗಿ ಕಲಸುವ ನೀರಿಗೆ ಸ್ವಲ್ಪ ಗಂಜಲ. ದಿನಾ ಡ್ರಮ್ಮನ್ನು ಅತ್ತಿತ್ತ ತಿರುಗಿಸಿದರೆ ಕೆನೆ ಒಡೆಯುತ್ತದೆ.

ಪಂಜಾಬಿನ ಲೆಹ್ರಾಗಾಗಾದಲ್ಲಿ ಬತ್ತದ ಹುಲ್ಲಿನಿಂದ ದಿನಕ್ಕೆ 33 ಟನ್ ಅನಿಲ ತೆಗೆಯುವ ಸಾಮರ್ಥ್ಯದ ಘಟಕ 2022ರಲ್ಲಿ ಉದ್ಘಾಟನೆಯಾಯ್ತು. ನಮ್ಮದು ಎರಡು ಘನ ಮೀಟರಿನ ಗುಂಡಿ. ಮಧ್ಯಾಹ್ನದ ಅನ್ನ-ಸಾರು ಈಗ ಗ್ಯಾಸಿನಲ್ಲೇ. ಸ್ನಾನದ ನೀರಿಗೆ ಕಟ್ಟಿಗೆ ತಪ್ಪಿಲ್ಲ. ಒಳ್ಳೆ ಹುಲ್ಲನ್ನು ಮಾತ್ರ ಗುಂಡಿಗೆ ಹಾಕೋದಿಲ್ಲ, ಅದು ದನದ ಪಾಲು. ಬಗ್ಗಡದಲ್ಲಿ ನಾರು ಉಳಿದು ಪೈಪು ಕಟ್ಟುತ್ತದೆ. ಬಕೆಟಲ್ಲಿ ಹೊತ್ತೇ ತೋಟಕ್ಕೆ ಹಾಕ್ತಿದ್ದೇವೆ.